ಕುದ್ಮುಲ್ ರಂಗರಾವ್: ಕೂರಲು ಜಾಗವಿಲ್ಲದ ಮಕ್ಕಳಿಗಾಗಿ ಶಾಲೆ ಕಟ್ಟಿದವರು

ಮಂಗಳೂರಿನ ಪುರಭವನದ ಮೆಟ್ಟಿಲು ಹತ್ತದವರು ನಮ್ಮಲ್ಲಿ ವಿರಳ. ನಾಟಕಕ್ಕೆ, ಸಂಗೀತಕ್ಕೆ, ಸನ್ಮಾನ ಸಮಾರಂಭಕ್ಕೆ ಒಮ್ಮೆಯಾದರೂ ಹೋಗಿಯೇ ಇರುತ್ತೇವೆ. ಆ ಭವನಕ್ಕೆ ಕುದ್ಮುಲ್ ರಂಗರಾವ್ ಅವರ ಹೆಸರಿದೆ ಎಂಬುದೂ ಹೆಚ್ಚಿನವರಿಗೆ ಗೊತ್ತು. ಆದರೆ ಅವರು ಯಾರು, ಏನು ಮಾಡಿದರು ಎಂದು ನಮ್ಮ ಧರ್ಮಕೇಂದ್ರದ ಯುವಜನರನ್ನು ಕೇಳಿದರೆ ಸರಿಯಾದ ಉತ್ತರ ಸಿಗುವುದು ಕಷ್ಟ. ಹಿರಿಯರ ಸ್ಥಿತಿಯೂ ಹೆಚ್ಚು ಭಿನ್ನವಲ್ಲ. ನಾವೂ ಅದೇ ಸಾಲಿನಲ್ಲಿದ್ದೆವು ಎಂದು ಒಪ್ಪಿಕೊಳ್ಳುತ್ತೇವೆ. ಅವರ ಬದುಕನ್ನು ಗಮನವಿಟ್ಟು ಓದುವಂತೆ ಮಾಡಿದ್ದು ಒಂದು ಲಾರಿ ಬೆಂಚು.

ವಿಷಯ ಇಷ್ಟೇ. ಕರಾವಳಿಯ ಹಲವು ಕಡೆಗಳಂತೆ ನಮ್ಮಲ್ಲೂ ಕನ್ನಡ ಮಾಧ್ಯಮದ ಶಾಲೆಗೆ ಮಕ್ಕಳು ಕಡಿಮೆಯಾಗಿ ಕೊಠಡಿಗಳು ಖಾಲಿಯಾದವು. ಹಳೆಯ ಕಾಲದ ಹಲಸಿನ ಮರದ ಬೆಂಚು ಡೆಸ್ಕುಗಳು ಗೋಡೆಗೆ ಒರಗಿ ನಿಂತಿದ್ದವು. ಗೆದ್ದಲು ಹಿಡಿಯುವ ಮೊದಲು ಯಾರಿಗಾದರೂ ಉಪಯೋಗವಾಗಲಿ ಎಂದು ವಿಚಾರಿಸಿದಾಗ ಕೊಪ್ಪಳ ಜಿಲ್ಲೆಯ ಕುಷ್ಟಗಿ ಯಲಬುರ್ಗಾ ಕಡೆಯ ಒಂದು ಹಳ್ಳಿ ಶಾಲೆಯ ಸುದ್ದಿ ಬಂತು. ಆ ಶಾಲೆಯ ಹೆಸರು ಇಲ್ಲಿ ಬೇಡ. ನಮ್ಮ ಮನೆ ಕಟ್ಟಲು, ರಸ್ತೆ ಅಗೆಯಲು, ಕಾಂಕ್ರೀಟು ಹೊರಲು ಘಟ್ಟ ಇಳಿದು ಬರುವ ಕಾರ್ಮಿಕರಲ್ಲಿ ಕೊಪ್ಪಳದವರು ಬಹಳ ಮಂದಿ. ಅವರ ಮಕ್ಕಳು ಅಲ್ಲಿ ಅಜ್ಜ ಅಜ್ಜಿಯ ಬಳಿ ಉಳಿದು ನೆಲದ ಮೇಲೆ ಕುಳಿತು ಓದುತ್ತಾರೆ ಎಂದು ತಿಳಿದ ಮೇಲೆ ಯಾರೂ ಹೆಚ್ಚು ಚರ್ಚೆ ಮಾಡಲಿಲ್ಲ. ಸುಮಾರು 400 ಕಿಲೋಮೀಟರ್ ದೂರಕ್ಕೆ ಲಾರಿ ಹೊರಟಿತು. ಹಾರ ಹಾಕಿದರು, ಫೋಟೋ ತೆಗೆದರು, ಮಕ್ಕಳು ಹಾಡಿದರು, ನಾವು ಸಂತೋಷದಿಂದ ಮರಳಿದೆವು.

ಮುಂದಿನ ವರ್ಷ ನಮ್ಮಲ್ಲಿ ಕೆಲವರು ಅದೇ ದಾರಿಯಲ್ಲಿ ಹೋಗುವಾಗ ಮುನ್ಸೂಚನೆ ಕೊಡದೆ ಶಾಲೆಗೆ ಇಣುಕಿದರು. ಬೆಂಚುಗಳು ಚೆನ್ನಾಗಿಯೇ ಇದ್ದವು. ಆದರೆ ಬೆಂಚಿಗಿಂತ ಮಕ್ಕಳು ಹೆಚ್ಚು. ಹಾಗಾಗಿ ಕೆಲವರು ಮೇಲೆ, ಕೆಲವರು ಕೆಳಗೆ. ಕೆಳಗೆ ಕುಳಿತ ಮಕ್ಕಳು ಯಾರು, ಅವರ ಮನೆ ಊರಿನ ಯಾವ ಬದಿಗಿದೆ ಎಂದು ಒಬ್ಬ ಮಿತ್ರರು ಸುಮ್ಮನೆ ಕೇಳಿದರು. ಉತ್ತರ ಕೇಳಿ ನಮ್ಮವರು ಚಹಾ ಕುಡಿಯದೆ ಎದ್ದರಂತೆ. ಅಲ್ಲಿಯವರೆಗೆ ಎಲ್ಲ ಮಕ್ಕಳೂ ಒಂದೇ ನೆಲದ ಮೇಲೆ ಕುಳಿತಿದ್ದರು. ಲೆಕ್ಕ ಕೇಳದೆ ಕಳಿಸಿದ ನಮ್ಮ ಬೆಂಚು ಆ ಕೋಣೆಯೊಳಗೆ ಮೇಲು ಕೀಳಿನ ಒಂದು ಗೆರೆ ಎಳೆದಿತ್ತು. ಶಿಕ್ಷಕರನ್ನು ದೂರಲು ನಮಗೆ ಮನಸ್ಸಿಲ್ಲ, ತಪ್ಪು ಮೊದಲು ನಮ್ಮದು.

ಆ ಮಾತು ಧರ್ಮಕೇಂದ್ರದ ಸಭೆಗೆ ಬಂದಾಗ ಒಬ್ಬ ಹಿರಿಯ ನಿವೃತ್ತ ಶಿಕ್ಷಕರು ರಂಗರಾವ್ ಅವರ ಹೆಸರು ತೆಗೆದರು. ಅವರು ನಮ್ಮ ಸಭೆಗೆ ಸೇರಿದವರಲ್ಲ, ಬ್ರಹ್ಮಸಮಾಜದವರು. ಆದರೆ ಕೂರುವ ಜಾಗದ ಪ್ರಶ್ನೆಯನ್ನು ನೂರಮೂವತ್ತು ವರ್ಷಗಳ ಹಿಂದೆ ನಮ್ಮದೇ ಊರಿನಲ್ಲಿ ನಮಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದವರು.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡು ಸೀಮೆಯ ಕುದ್ಮುಲ್‌ನಲ್ಲಿ, ಒಂದು ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ, ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ತಂದೆ ಬೇಗ ತೀರಿಹೋದರು. ಮನೆಯ ಭಾರ ಹದಿನಾರರ ಹುಡುಗನ ಹೆಗಲಿಗೆ ಬಂತು. ಕೆಲಸ ಹುಡುಕಿಕೊಂಡು ಮಂಗಳೂರಿಗೆ ಬಂದರು. ತಿಂಗಳಿಗೆ 8 ರೂಪಾಯಿ ಸಂಬಳದ ಶಿಕ್ಷಕ ವೃತ್ತಿ ಸಿಕ್ಕಿತು. ಪಾಠ ಹೇಳುತ್ತಲೇ ಖಾಸಗಿಯಾಗಿ ಓದಿ ಪರೀಕ್ಷೆ ಕಟ್ಟಿದರು, ವಕೀಲಿ ಪರೀಕ್ಷೆಯನ್ನೂ ಪಾಸು ಮಾಡಿ ನ್ಯಾಯಾಲಯಕ್ಕೆ ಹೋದರು. ಹಣವಿಲ್ಲದ ಕಕ್ಷಿದಾರರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು, ಬಡವರ ವಕೀಲರೆಂದೇ ಹೆಸರಾಯಿತು. ಆ ಹೆಸರಿನಿಂದ ಮನೆ ತುಂಬುವುದಿಲ್ಲ ಎಂಬುದು ವಕೀಲರ ಮನೆಯವರಿಗೆ ಗೊತ್ತು.

ಆ ಕಾಲದ ಮಂಗಳೂರಿನಲ್ಲಿ ಉಳ್ಳಾಲ ರಘುನಾಥಯ್ಯನವರು ಬ್ರಹ್ಮಸಮಾಜದ ಮುಂದಾಳು. ಜಾತಿಭೇದ ಬೇಡ, ವಿಧವೆಗೆ ಮರುವಿವಾಹವಾಗಲಿ, ದೇವರು ಒಬ್ಬನೇ ಎಂಬುದು ಆ ಸಮಾಜದ ನಿಲುವು. ರಂಗರಾಯರು ಅವರ ಪ್ರಭಾವಕ್ಕೆ ಒಳಗಾದರು. ಪ್ರಾರ್ಥನೆಗೆ ಕುಳಿತು ಎದ್ದುಹೋದವರು ಹಲವರಿದ್ದರು, ರಂಗರಾಯರು ಆ ನಿಲುವನ್ನು ಬೀದಿಗೆ ಕೊಂಡುಹೋದರು. ಇದೇ ಅವರ ವಿಶೇಷ.

ಇಲ್ಲಿ ಶಾಲೆಗಳ ಅಂದಿನ ಸ್ಥಿತಿಯ ಬಗ್ಗೆ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಅವರು ಮಾಡಿದ್ದು ಎಷ್ಟು ದೊಡ್ಡದು ಎಂದು ತಿಳಿಯದು. 1856ರಲ್ಲಿ ಧಾರವಾಡದ ಸರಕಾರಿ ಶಾಲೆಗೆ ಒಬ್ಬ ಮಹಾರ್ ಹುಡುಗ ಸೇರಲು ಬಂದ. ಅವನನ್ನು ಸೇರಿಸಿಕೊಳ್ಳಲಿಲ್ಲ. ಹುಡುಗ ಸುಮ್ಮನಿರದೆ ಮುಂಬಯಿ ಸರಕಾರಕ್ಕೆ ಅರ್ಜಿ ಕೊಟ್ಟ. ಒಬ್ಬನನ್ನು ಸೇರಿಸಿದರೆ ಉಳಿದ ಮಕ್ಕಳು ಶಾಲೆ ಬಿಡುತ್ತಾರೆ ಎಂಬ ಅಂಜಿಕೆಯಿಂದ ಸರಕಾರವೂ ಅವನ ಪರ ನಿಲ್ಲಲಿಲ್ಲ. ವಿಷಯ ಲಂಡನಿನವರೆಗೆ ಹೋಯಿತು. ಸರಕಾರಿ ಹಣದಲ್ಲಿ ನಡೆಯುವ ಶಾಲೆ ಜಾತಿ ನೋಡದೆ ಎಲ್ಲರಿಗೂ ತೆರೆದಿರಬೇಕೆಂದು ಮೇಲಿನವರು ಕೊನೆಗೆ ತೀರ್ಮಾನ ಕೊಟ್ಟರು. ಕಾಗದದ ಮೇಲೆ ಬಾಗಿಲು ತೆರೆಯಿತು, ಊರಿನಲ್ಲಿ ತೆರೆಯಲಿಲ್ಲ. ಸೇರಿಸಿಕೊಂಡ ಕಡೆಯಲ್ಲೂ ಆ ಮಕ್ಕಳು ಜಗಲಿಯಲ್ಲಿ ಅಥವಾ ಬಾಗಿಲ ಹೊರಗೆ ಬೇರೆಯಾಗಿ ಕೂರಬೇಕಿತ್ತು. ಡಾ. ಅಂಬೇಡ್ಕರ್ ಬಾಲ್ಯದಲ್ಲಿ ಮನೆಯಿಂದ ಗೋಣಿತಟ್ಟು ಕೊಂಡುಹೋಗಿ ಅದರ ಮೇಲೆ ಪ್ರತ್ಯೇಕವಾಗಿ ಕುಳಿತದ್ದು ನಮಗೆಲ್ಲ ಗೊತ್ತಿರುವ ಸಂಗತಿ. ಅವರು ಹುಟ್ಟಿದ್ದು 1891ರಲ್ಲಿ.

ಮರುವರ್ಷ, 1892ರಲ್ಲಿ, ರಂಗರಾಯರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಆಗ ದಲಿತ ಎಂಬ ಪದ ರೂಢಿಯಲ್ಲಿರಲಿಲ್ಲ, ಸರಕಾರಿ ದಾಖಲೆಗಳಲ್ಲಿ ಪಂಚಮರು ಎಂದು ಬರೆಯುತ್ತಿದ್ದರು. ಊರಿನ ಶಾಲೆಯಲ್ಲಿ ಜಗಲಿಯೂ ಸಿಗದ ಮಕ್ಕಳಿಗೆ ಒಂದು ಪೂರ್ತಿ ಕೋಣೆ ಸಿಕ್ಕಿತು.

ಅದು ಸುಸೂತ್ರವಾಗಿ ನಡೆಯಲಿಲ್ಲ. ಶಾಲೆಗೆ ಬಾಡಿಗೆಗೆ ಜಾಗ ಕೊಟ್ಟವರು ನೆರೆಯವರ ಒತ್ತಡಕ್ಕೆ ಮಣಿದು ಬಿಡಿಸುತ್ತಿದ್ದರು. ಶಾಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಲೆಯಿತು. ಪಾಠ ಹೇಳಲು ಮೇಲ್ಜಾತಿಯ ಶಿಕ್ಷಕರು ಒಪ್ಪುತ್ತಿರಲಿಲ್ಲ. ರಂಗರಾಯರ ಸ್ವಂತ ಸಮುದಾಯ ಅವರನ್ನು ಬಹಿಷ್ಕರಿಸಿತು. ಬಹಿಷ್ಕಾರ ಎಂದರೆ ಈಗಿನವರಿಗೆ ಬರೀ ಪದ. ಅಂದು ಅದರ ಅರ್ಥ ಮದುವೆಗೆ ಕರೆಯಿಲ್ಲ, ಸಾವಿಗೆ ಹೆಗಲಿಲ್ಲ, ಮಕ್ಕಳಿಗೆ ಸಂಬಂಧವಿಲ್ಲ ಎಂದು. ಸಮುದಾಯದ ಪಂಕ್ತಿಯಲ್ಲಿ ಕೂರುವ ಜಾಗವನ್ನು ಅವರು ಕಳೆದುಕೊಂಡದ್ದು ಶಾಲೆಯಲ್ಲಿ ಮಕ್ಕಳಿಗೆ ಜಾಗ ಕೊಡಿಸಿದ್ದಕ್ಕಾಗಿ.

ಇನ್ನೊಂದು ಕಷ್ಟ ಅವರು ಎಣಿಸಿರದ ಕಡೆಯಿಂದ ಬಂತು. ಶಾಲೆ ತೆರೆದರೂ ಮಕ್ಕಳು ಬರುತ್ತಿರಲಿಲ್ಲ. ಬರುವುದಾದರೂ ಹೇಗೆ? ಏಳೆಂಟು ವರ್ಷದ ಮಗು ದನ ಕಾಯಬೇಕು, ಸೊಪ್ಪು ತರಬೇಕು, ಒಡೆಯರ ಅಂಗಳದಲ್ಲಿ ದುಡಿಯಬೇಕು. ಆ ದುಡಿಮೆಯಿಂದಲೇ ಸಂಜೆಯ ಗಂಜಿ. ಶಾಲೆಗೆ ಕಳಿಸಿದರೆ ಗಂಜಿ ತಪ್ಪುತ್ತದೆ. ಇದನ್ನು ಕಂಡು ರಂಗರಾಯರು ಉಪದೇಶ ಮಾಡಲಿಲ್ಲ, ಲೆಕ್ಕ ಹಾಕಿದರು. ಶಾಲೆಗೆ ಬಂದ ಮಗುವಿಗೆ ಮಧ್ಯಾಹ್ನ ಊಟ ಕೊಟ್ಟರು. ಜತೆಗೆ ದಿನಕ್ಕೆ ಎರಡು ಪೈಸೆ. ಆ ಪೈಸೆ ಹೆತ್ತವರ ನಷ್ಟ ತುಂಬಲು. ಸರಕಾರಿ ಶಾಲೆಗಳಲ್ಲಿ ಬಿಸಿಯೂಟ ಬರಲು ಇನ್ನೂ ನೂರು ವರ್ಷ ಇತ್ತು. ದಾನ ಕೊಡುವವರು ಸಾಮಾನ್ಯವಾಗಿ ತಮ್ಮ ಬಳಿ ಏನಿದೆ ಎಂದು ನೋಡುತ್ತಾರೆ. ರಂಗರಾಯರು ಮಗು ಯಾಕೆ ಬರುತ್ತಿಲ್ಲ ಎಂದು ನೋಡಿದರು. ನಮ್ಮ ಬೆಂಚಿನ ಲಾರಿಗೂ ಅವರ ಎರಡು ಪೈಸೆಗೂ ಇರುವ ಅಂತರ ಇದೇ.

1897ರಲ್ಲಿ ಅವರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಮಂಗಳೂರಿನವರು ಅದನ್ನು ಚಿಕ್ಕದಾಗಿ ಡಿ.ಸಿ.ಎಂ. ಎಂದು ಕರೆದರು. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಅದೇ ಹೆಸರಿನ ಸಂಸ್ಥೆ ಕಟ್ಟಿದ್ದು 1906ರಲ್ಲಿ, ಅಂದರೆ ಮಂಗಳೂರಿನ ಸಂಸ್ಥೆಗೆ ಒಂಬತ್ತು ವರ್ಷ ತುಂಬಿದ ಮೇಲೆ. ಕ್ರಮೇಣ ಅತ್ತಾವರ, ಮೂಲ್ಕಿ, ಉಡುಪಿ ಕಡೆಗಳಲ್ಲೂ ಶಾಲೆಗಳಾದವು. ಕೊಡಿಯಾಲ್‌ಬೈಲಿನಲ್ಲಿ ಸಂಸ್ಥೆಗೆ ಸ್ವಂತ ನೆಲೆ ಸಿಕ್ಕಿತು. ದೂರದ ಮಕ್ಕಳಿಗೆ ವಿದ್ಯಾರ್ಥಿನಿಲಯ ಬಂತು, ಹೆಣ್ಣುಮಕ್ಕಳಿಗೂ ಬಂತು. ಸರಕಾರದಿಂದ ಜಮೀನು ಪಡೆದು ಮನೆಯಿಲ್ಲದ ಕುಟುಂಬಗಳಿಗೆ ನಿವೇಶನ ಹಂಚಿದರು. ಒಡೆಯನ ಜಾಗದಲ್ಲಿ ಗುಡಿಸಲು ಹಾಕಿಕೊಂಡವನ ಮಗು ಒಡೆಯ ಬೇಡವೆಂದ ದಿನ ಶಾಲೆ ಬಿಡುತ್ತದೆ ಎಂಬುದು ಅವರಿಗೆ ಅನುಭವದಿಂದ ತಿಳಿದಿತ್ತು.

ಓದಿನ ಜತೆಗೆ ಕೈಕೆಲಸ. ನೇಯ್ಗೆ, ತೋಟಗಾರಿಕೆ, ರೇಷ್ಮೆಹುಳು ಸಾಕಣೆ, ಮರಗೆಲಸ. ಮರಗೆಲಸದ ವಿಷಯ ಓದಿದಾಗ ನಾವು ಸ್ವಲ್ಪ ಹೊತ್ತು ಅಲ್ಲಿಯೇ ನಿಂತೆವು. ಊರಿನ ಶಾಲೆಯ ಬೆಂಚನ್ನು ಮುಟ್ಟಬಾರದೆಂದು ದೂರ ಇಡಲ್ಪಟ್ಟ ಮಗುವಿನ ಕೈಗೆ ಉಳಿ, ಕೀಸುಳಿ ಬಂತು. ಬೆಂಚು ಸಿಗುವವರೆಗೆ ಕಾಯುವ ಬದಲು ಬೆಂಚು ಮಾಡುವುದನ್ನು ಕಲಿಯಲಿ. ಜೆಪ್ಪುವಿನ ನಮ್ಮ ಸಂತ ಜೋಸೆಫರ ಆಶ್ರಮದ ಕಾರ್ಯಾಗಾರದಲ್ಲೂ ಅನಾಥ ಹುಡುಗರಿಗೆ ಇದೇ ಬಗೆಯ ಕೆಲಸ ಕಲಿಸಿದ್ದನ್ನು ಹಿರಿಯ ಓದುಗರು ಬಲ್ಲರು.

ಮನೆಯೊಳಗೆ ಮಾತು ಮತ್ತು ನಡೆ ಬೇರೆಯಾಗಿರಲಿಲ್ಲ. ಅವರ ಮಗಳು ರಾಧಾಬಾಯಿ ಎಳೆಯ ವಯಸ್ಸಿನಲ್ಲಿಯೇ ವಿಧವೆಯಾದರು. ತಂದೆ ಅವರನ್ನು ಓದಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನವರೆಗೆ ಹೋದ ಆಕೆ ಕುಮಾರಮಂಗಲದ ಜಮೀನ್ದಾರ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು. ಬ್ರಾಹ್ಮಣ ವಿಧವೆಯ ಮರುವಿವಾಹ, ಅದೂ ಜಾತಿಯ ಹೊರಗೆ, ನೂರು ವರ್ಷಗಳಿಗೂ ಹಿಂದೆ! ಸುಬ್ಬರಾಯನ್ 1926ರಲ್ಲಿ ಮದರಾಸು ಪ್ರಾಂತ್ಯದ ಮುಖ್ಯಮಂತ್ರಿಯಾದರು. ರಾಧಾಬಾಯಿಯವರು ಆಕ್ಸ್‌ಫರ್ಡಿನಲ್ಲಿ ಓದಿ, 1930ರ ದುಂಡುಮೇಜಿನ ಪರಿಷತ್ತಿಗೆ ಹೋಗಿ, 1938ರಲ್ಲಿ ಕೌನ್ಸಿಲ್ ಆಫ್ ಸ್ಟೇಟಿಗೆ ಆಯ್ಕೆಯಾದ ಮೊದಲ ಮಹಿಳೆ. ಅವರ ಮಕ್ಕಳಲ್ಲಿ ಜನರಲ್ ಪಿ.ಪಿ. ಕುಮಾರಮಂಗಲಂ ಭಾರತದ ಭೂಸೇನೆಯ ಮುಖ್ಯಸ್ಥರಾದರು, ಮೋಹನ್ ಕುಮಾರಮಂಗಲಂ ಕೇಂದ್ರ ಸಚಿವರಾದರು, ಪಾರ್ವತಿ ಕೃಷ್ಣನ್ ಸಂಸತ್ತಿಗೆ ಹೋದರು. ಮೊಮ್ಮಕ್ಕಳ ಕೀರ್ತಿ ಅಜ್ಜನ ಕೀರ್ತಿಯನ್ನು ಸ್ವಲ್ಪ ಮರೆಸಿತೇನೋ.

ಬ್ರಿಟಿಷ್ ಸರಕಾರ ಅವರಿಗೆ ರಾವ್ ಸಾಹೇಬ್ ಬಿರುದು ಕೊಟ್ಟಿತು. ಅದು ಅವರಿಗೆ ದೊಡ್ಡ ವಿಷಯವಾಗಿತ್ತು ಎನ್ನಲು ಅವರ ಬದುಕಿನಲ್ಲಿ ಏನೂ ಕಾಣುವುದಿಲ್ಲ. ಹಣ ಸಾಲದೆ ಸಂಸ್ಥೆಗಾಗಿ ಕೈ ಒಡ್ಡಿದ್ದು, ವಕೀಲಿ ಬಿಟ್ಟು ಪೂರ್ತಿ ಇದಕ್ಕೇ ನಿಂತದ್ದು, ದೇಹ ಸೋತರೂ ಓಡಾಡಿದ್ದು, ಇಂತಹ ಸಂಗತಿಗಳೇ ಹೆಚ್ಚು. 1927ರಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದ ಎಂಬ ಹೆಸರು ಪಡೆದರು. 1928ರ ಜನವರಿ 30ರಂದು ತೀರಿಕೊಂಡರು. ವಯಸ್ಸು 68.

ತಮ್ಮ ಶವವನ್ನು ಯಾರು ಹೊರಬೇಕು ಎಂದು ಅವರು ಮೊದಲೇ ತಿಳಿಸಿದ್ದರು. ಊರಿನ ಕಸ, ಮಲ ಹೊರುವ ಕೆಲಸಕ್ಕೆ ತಳ್ಳಲ್ಪಟ್ಟಿದ್ದ ಜನರೇ ಹೊರಬೇಕು. ಹಾಗೆಯೇ ಆಯಿತು. ಸಾವಿಗೆ ಹೆಗಲು ಕೊಡುವುದಿಲ್ಲ ಎಂದು ಒಂದು ಸಮುದಾಯ ಹೇಳಿದ್ದ ಮನುಷ್ಯನಿಗೆ ಹೆಗಲು ಕಡಿಮೆಯಾಗಲಿಲ್ಲ. ಅತ್ತಾವರದ ಬಾಬುಗುಡ್ಡೆಯಲ್ಲಿ ಅವರ ಸಮಾಧಿಯಿದೆ. ಅದರ ಮೇಲೆ ಅವರ ಆಸೆಯೊಂದನ್ನು ಕೆತ್ತಿದ್ದಾರೆ. ತನ್ನ ಶಾಲೆಯಲ್ಲಿ ಕಲಿತ ದಲಿತ ಮಗು ಮುಂದೆ ದೊಡ್ಡ ಹುದ್ದೆಗೇರಿ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಗಾಲಿಯಿಂದ ಏಳುವ ಧೂಳು ತನ್ನ ತಲೆಗೆ ತಾಗಬೇಕು, ಆಗ ಬದುಕು ಸಾರ್ಥಕ ಎಂಬುದು ಅದರ ಭಾವ. ದಾನ ಮಾಡುವವರು ತಮ್ಮ ಹೆಸರು ಬೆಂಚಿನ ಬೆನ್ನಿಗೆ ಬಿಳಿ ಬಣ್ಣದಲ್ಲಿ ಬರೆಸುವುದುಂಟು. ಅವರು ಬಯಸಿದ್ದು ಧೂಳನ್ನು. (ನಮ್ಮ ಲಾರಿಯ ಬೆಂಚುಗಳ ಮೇಲೂ ಹೆಸರಿತ್ತು ಎಂದು ಇಲ್ಲಿ ಹೇಳಿಬಿಡುವುದು ಒಳ್ಳೆಯದು.)

ಗಾಂಧೀಜಿ 1934ರ ಫೆಬ್ರವರಿಯಲ್ಲಿ ಹರಿಜನ ಯಾತ್ರೆಯಲ್ಲಿ ಮಂಗಳೂರಿಗೆ ಬಂದಾಗ ರಂಗರಾಯರು ಇಲ್ಲದೆ ಆರು ವರ್ಷವಾಗಿತ್ತು. ಈ ಕೆಲಸದಲ್ಲಿ ತನಗೆ ಪ್ರೇರಣೆಯಾದವರೆಂದು ಗಾಂಧೀಜಿ ಅವರನ್ನು ನೆನೆದರೆಂದು ಮಂಗಳೂರು ಇಂದಿಗೂ ಹೇಳಿಕೊಳ್ಳುತ್ತದೆ.

ರಂಗರಾಯರು ಕೊಪ್ಪಳಕ್ಕೆ ಹೋದವರಲ್ಲ. ಅವರ ಕಾಲದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲವೂ ಹೈದರಾಬಾದ್ ನಿಜಾಮನ ಸಂಸ್ಥಾನದಲ್ಲಿದ್ದವು. ಅಲ್ಲಿ ಶಾಲೆಗಳೇ ಕಡಿಮೆ, ಇದ್ದ ಶಾಲೆಗಳಲ್ಲೂ ಉರ್ದುವಿಗೆ ಮೊದಲ ಸ್ಥಾನ. ಕನ್ನಡ ಮನೆಮಾತಿನ ಮಗು ಅಕ್ಷರಕ್ಕಾಗಿ ಮಠಗಳನ್ನೂ ಖಾಸಗಿ ಪಾಠಶಾಲೆಗಳನ್ನೂ ನೆಚ್ಚಿಕೊಳ್ಳಬೇಕಿತ್ತು. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು, 1956ರಲ್ಲಿ ಈ ಭಾಗ ನಮ್ಮ ರಾಜ್ಯಕ್ಕೆ ಸೇರಿತು. ಬಹುಕಾಲ ರಾಯಚೂರಿಗೆ ಸೇರಿದ್ದ ಈ ನಾಲ್ಕು ತಾಲೂಕುಗಳು 1997ರಲ್ಲಿ ಕೊಪ್ಪಳ ಜಿಲ್ಲೆಯಾದವು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿದಾಗ ಕುಷ್ಟಗಿ ಮತ್ತು ಯಲಬುರ್ಗಾ ಅದರಲ್ಲಿದ್ದವು. ಗಂಗಾವತಿಗೆ ತುಂಗಭದ್ರೆಯ ನೀರಿದೆ, ಭತ್ತದ ಗದ್ದೆ, ಅಕ್ಕಿ ಗಿರಣಿಗಳಿವೆ. ಕುಷ್ಟಗಿ ಯಲಬುರ್ಗಾ ಮಳೆ ನೋಡಿ ಬದುಕುವ ಒಣಭೂಮಿ. ಮಳೆ ಕೈಕೊಟ್ಟ ವರ್ಷ ಅಲ್ಲಿಯ ಬಸ್ಸು ತುಂಬಿ ಮಂಗಳೂರಿಗೆ ಬರುತ್ತದೆ. ನಮ್ಮ ಊರಿನ ಬಹುಮಹಡಿ ಕಟ್ಟಡಗಳ ಲೆಕ್ಕದಲ್ಲಿ ಆ ಬಡತನದ ಪಾಲೂ ಇದೆ. ಅಲ್ಲಿಯ ಶಾಲೆಗೆ ನಾವು ಕೊಡುವುದನ್ನು ದಾನ ಎನ್ನಬೇಕೋ ಬಾಕಿ ಎನ್ನಬೇಕೋ ಎಂದು ನಮ್ಮ ಸಭೆಯಲ್ಲಿ ವಾದವೇ ನಡೆಯಿತು.

ಬಡತನ ಒಂದೇ ಆಗಿದ್ದರೆ ಬೆಂಚು ಸಾಕಾಗುತ್ತಿತ್ತು. 2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಮಗುವೊಂದು ಹುಟ್ಟುಹಬ್ಬದ ದಿನ ತಂದೆಯೊಡನೆ ಗುಡಿಯ ಹೊರಗೆ ಕೈಮುಗಿಯಲು ಹೋಗಿ, ಒಳಗೆ ಓಡಿಬಿಟ್ಟಿತು. ಶುದ್ಧೀಕರಣಕ್ಕೆಂದು ಆ ಕುಟುಂಬದಿಂದ 25,000 ರೂಪಾಯಿ ಕೇಳಿದರು. ಪೊಲೀಸರು ಐವರನ್ನು ಬಂಧಿಸಿದರು. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿದ್ದ ಪ್ರಕರಣದಲ್ಲಿ 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು, ಮೇಲ್ಮನವಿಯಲ್ಲಿ ಹೈಕೋರ್ಟು ಬಹುಪಾಲು ಮಂದಿಗೆ ಜಾಮೀನು ಕೊಟ್ಟಿತು. ಇದನ್ನು ಓದಿ ಘಟ್ಟದ ಮೇಲಿನವರೆಂದರೆ ಹೀಗೆಯೇ ಎಂದು ನಾವು ಮೂಗು ಮುರಿಯುವಂತಿಲ್ಲ. ರಂಗರಾಯರ ಶಾಲೆಯನ್ನು ಜಾಗದಿಂದ ಜಾಗಕ್ಕೆ ಓಡಿಸಿದ್ದು ಮಂಗಳೂರಿನವರು. ಜ್ಞಾನಸ್ನಾನ ಪಡೆದು ಶತಮಾನಗಳು ಕಳೆದರೂ ಮದುವೆ ಸಂಬಂಧ ಹುಡುಕುವಾಗ ಹಿಂದಿನ ಜಾತಿ ಯಾವುದೆಂದು ಮೆಲ್ಲಗೆ ವಿಚಾರಿಸುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲೂ ಇವೆ. ಅದೇ ಊರುಗಳಲ್ಲಿ ಎಲ್ಲ ಮಕ್ಕಳನ್ನೂ ಹೆಸರು ಹಿಡಿದು ಕರೆದು ಒಟ್ಟಿಗೆ ಕೂರಿಸಿ ಊಟ ಬಡಿಸುವ ಶಿಕ್ಷಕಿಯರನ್ನೂ ನಾವು ಕಂಡಿದ್ದೇವೆ.

ಇನ್ನು ಬೆಂಚು ಕೊಡಲು ಮನಸ್ಸಿರುವ ಧರ್ಮಕೇಂದ್ರಗಳಿಗೆ ನಮ್ಮ ತಪ್ಪಿನಿಂದ ಕಲಿತ ಕೆಲವು ಮಾತು. ಮೊದಲು ಮಕ್ಕಳನ್ನು ಎಣಿಸಿ, ಆಮೇಲೆ ಬೆಂಚನ್ನು ಎಣಿಸಿ. ಇಡೀ ಶಾಲೆಗೆ ಸಾಲದಿದ್ದರೆ ಒಂದೇ ತರಗತಿಗೆ ಪೂರ್ತಿಯಾಗಿ ಕೊಡುವುದು ಲೇಸು, ಎಲ್ಲ ತರಗತಿಗೂ ಅರ್ಧರ್ಧ ಕೊಡುವುದು ಬೇಡ. ಒಂದೇ ಕೋಣೆಯಲ್ಲಿ ಒಂದು ಮಗು ಮೇಲೆ ಒಂದು ಮಗು ಕೆಳಗೆ ಕೂರುವಂತೆ ಮಾಡುವುದಕ್ಕಿಂತ ಎಲ್ಲರಿಗೂ ಒಳ್ಳೆಯ ಜಮಖಾನೆ ಹಾಸುವುದು ವಾಸಿ. ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೆಯ ತರಗತಿಯವರೆಗೆ ನಲಿ ಕಲಿ ಪದ್ಧತಿಯಿದೆ. ಅಲ್ಲಿ ಮಕ್ಕಳು ಗುಂಪು ಗುಂಪಾಗಿ ಕುಳಿತು ಕಾರ್ಡು ಹಿಡಿದು ಕಲಿಯುತ್ತಾರೆ, ಸಾಲು ಬೆಂಚು ಅವರಿಗೆ ಅಡ್ಡಿ. ತಗ್ಗಿನ ದುಂಡುಮೇಜು, ಚಾಪೆ ಕೇಳುತ್ತಾರೆ. ಬೆಂಚು ಬೇಕಾಗುವುದು ನಾಲ್ಕನೆಯ ತರಗತಿಯಿಂದ.

ಎತ್ತರ ನೋಡಬೇಕು. ಚಿಕ್ಕ ಮಗುವಿಗೆ ಒಂದು ಅಡಿ ಎತ್ತರದ ಆಸನ ಸಾಕು, ಹತ್ತನೆಯ ತರಗತಿಯವನಿಗೆ ಒಂದೂವರೆ ಅಡಿಯ ಹತ್ತಿರ ಬೇಕು. ಕಾಲೇಜಿನ ಹಳೆಯ ಬೆಂಚನ್ನು ಪ್ರಾಥಮಿಕ ಶಾಲೆಗೆ ಕಳಿಸಿದರೆ ಮಗುವಿನ ಕಾಲು ನೇತಾಡುತ್ತದೆ, ಗಲ್ಲ ಡೆಸ್ಕಿಗೆ ತಾಗುತ್ತದೆ. ನಾವು ಕಳಿಸಿದ್ದರಲ್ಲಿ ಆರು ಬೆಂಚಿನ ಕಾಲನ್ನು ಅಲ್ಲಿಯ ಬಡಗಿಯೇ ಕೊಯ್ದು ಸರಿಮಾಡಬೇಕಾಯಿತು. ಆಗ ಹೊಳೆದದ್ದು, ಬಡಗಿ ಅಲ್ಲಿಯೇ ಇದ್ದಾನಲ್ಲ! ಮರದ ಬಣ್ಣದ ಗೊಂಬೆಗಳಿಗೆ ಹೆಸರಾದ ಕಿನ್ನಾಳ ಇರುವುದು ಕೊಪ್ಪಳದ ಪಕ್ಕದಲ್ಲಿ. ಅಲ್ಲಿಯ ಕಲಾವಿದರು ಬೆಂಚು ಮಾಡುವವರಲ್ಲ, ನಿಜ. ಆದರೆ ಮರ ತಿಳಿದ ಸೀಮೆಗೆ ನಾವು ಘಟ್ಟ ಹತ್ತಿಸಿ ಮರ ಕಳಿಸಿದೆವು. ಲಾರಿ ಬಾಡಿಗೆಯ ಹಣವನ್ನು ಕುಷ್ಟಗಿಯದೋ ಯಲಬುರ್ಗಾದದೋ ಬಡಗಿಗೆ ಕೊಟ್ಟಿದ್ದರೆ ಮಕ್ಕಳ ಅಳತೆಗೆ ಸರಿಯಾಗಿ ಇನ್ನೂ ಕೆಲವು ಬೆಂಚು ಆಗುತ್ತಿದ್ದವು, ಅಲ್ಲಿಯ ಒಬ್ಬನಿಗೆ ಊರು ಬಿಡದೆ ಕೆಲಸ ಸಿಗುತ್ತಿತ್ತು.

ಸರಕಾರಿ ಶಾಲೆಗೆ ಕೊಡುವಾಗ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮುಂದೆ ಕೊಟ್ಟು ದಾಸ್ತಾನು ಪುಸ್ತಕದಲ್ಲಿ ಬರೆಸಬೇಕು. ಆ ಸಮಿತಿಯಲ್ಲಿ ಹೆತ್ತವರೇ ಇರುತ್ತಾರೆ. ಊರಿನ ಆಚೆ ಬದಿಯ ಕೇರಿಯ ತಾಯಂದಿರೂ ಅಂದು ಬಂದಿದ್ದಾರೆಯೇ ಎಂದು ನೋಡಿಕೊಳ್ಳಿ. ಅವರು ಬಂದರೆ ಮಕ್ಕಳು ಎಲ್ಲಿ ಕೂರುತ್ತಾರೆ ಎಂಬ ಪ್ರಶ್ನೆಯನ್ನು ನಾವು ಕೇಳಬೇಕಾಗಿಲ್ಲ, ಅವರೇ ಕೇಳುತ್ತಾರೆ.

ನಮ್ಮಲ್ಲಿ ಇನ್ನೂ ಒಂದು ಕೋಣೆ ತುಂಬ ಬೆಂಚುಗಳಿವೆ. ಆ ಶಾಲೆಯ ಮುಖ್ಯ ಶಿಕ್ಷಕರಿಗೆ ಈ ಬಾರಿ ಮೊದಲು ಪತ್ರ ಬರೆದಿದ್ದೇವೆ. ನಾಲ್ಕರಿಂದ ಏಳನೆಯ ತರಗತಿಯವರೆಗೆ ಎಷ್ಟು ಮಕ್ಕಳು, ಈಗ ಎಷ್ಟು ಮಂದಿ ನೆಲದ ಮೇಲೆ, ಎಷ್ಟು ಎತ್ತರ ಬೇಕು, ಅಲ್ಲಿಯ ಬಡಗಿಯ ಕೂಲಿ ಎಷ್ಟು ಎಂದು ಕೇಳಿದ್ದೇವೆ. ಬೆಂಚುಗಳ ಬೆನ್ನಿನ ಮೇಲಿನ ಹೆಸರುಗಳನ್ನು ಕಳೆದ ಭಾನುವಾರ ಪೂಜೆಯ ನಂತರ ಯುವಜನರು ಮರಳು ಕಾಗದದಿಂದ ಉಜ್ಜಿ ತೆಗೆದರು. ಬಣ್ಣ ಹಳೆಯದು, ಬೇಗ ಬಿಡಲಿಲ್ಲ. ಮಧ್ಯಾಹ್ನದವರೆಗೂ ಉಜ್ಜಿದರು.